ನೇತ್ರಾಣಿಗೆ 3 ಮಿ.ಮೀ. ಸಾಕಾ, 5 ಬೇಕಾ?

ಕೋಲಾರದಿಂದ ಡಿಸೆಂಬರಿನಲ್ಲಿ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಹೋಗ್ತಿದ್ದೀರಿ, 5 ಮಿ.ಮೀ. ದಪ್ಪದ ವೆಟ್‌ಸೂಟ್ ಬೇಕಾ, ಸುಣ್ಣಕಲ್ಲಿನಿಂದ ಮಾಡಿದ ನಿಯೋಪ್ರೀನ್‌ಗೆ (ಸೂಟಿನ ಕೃತಕ ರಬ್ಬರ್) ಜಾಸ್ತಿ ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. 3 ಸಾಕು, ಅಲ್ಲಿಯ ನೀರು ಅಷ್ಟು ತಣ್ಣಗಿರಲ್ಲ.

ಮೈ ಬೆಚ್ಚಗಿಡೋದು ರಬ್ಬರಿನೊಳಗಿನ ಅನಿಲದ ಗುಳ್ಳೆಗಳು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗಿ ಗುಳ್ಳೆ ಕುಗ್ಗುತ್ತವೆ. ಸೂಟ್ ತೆಳ್ಳಗಾಗಿ ತೇಲೋ ಗುಣವೂ ಇಳಿಯುತ್ತದೆ. ದಪ್ಪ ಸೂಟ್ ಮುಳುಗಿಸೋಕೆ ಕಟ್ಟಿದ ಹೆಚ್ಚುವರಿ ಸೀಸದ ತೂಕ ಆಗ ಕೆಳಗೆ ಎಳೆಯುತ್ತದೆ. ಬಿಸಿಡಿಯಲ್ಲಿ (ತೇಲೋದನ್ನ ಹೊಂದಿಸೋ ಗಾಳಿ ಜಾಕೆಟ್) ಗಾಳಿ ತುಂಬಿಸೋದೇ ಕೆಲಸ ಆಗಿಬಿಡುತ್ತೆ.

ಸುಣ್ಣಕಲ್ಲಿನದು ಮೃದು, ಚೆನ್ನಾಗಿ ಹಿಗ್ಗುತ್ತದೆ, ನಿಜ. ‘ಪರಿಸರಸ್ನೇಹಿ’ ಅನ್ನೋ ಚೀಟಿ ಮಾತ್ರ ನಂಬಬೇಡಿ. ಸುಣ್ಣಕಲ್ಲನ್ನೂ ಗಣಿಯಿಂದ ತೆಗೆದು ವಿಪರೀತ ಶಾಖದಲ್ಲಿ ಸುಡಬೇಕು. ಪರಿಸರವೇ ಮುಖ್ಯ ಅನ್ನೋದಾದರೆ ಯೂಲೆಕ್ಸ್‌ನಂಥ ನೈಸರ್ಗಿಕ ರಬ್ಬರ್ ನೋಡಿ.

ನನ್ನ ಪ್ರಕಾರ ದುಡ್ಡು ಹೊಲಿಗೆಗೆ ಹಾಕಿ. ಫ್ಲಾಟ್‌ಲಾಕ್ ಅನ್ನೋ ಹೊಲಿಗೆಯಲ್ಲಿ ಸೂಜಿ ಆಚೆಗೂ ತೂರಿರುತ್ತದೆ, ನೀರು ಜಿನುಗುತ್ತದೆ. ಅಂಟು ಹಾಕಿ ಬ್ಲೈಂಡ್‌ಸ್ಟಿಚ್ (ಸೂಜಿ ಆಚೆಗೆ ತೂರದ ಹೊಲಿಗೆ) ಮಾಡಿದ್ದು ಮೇಲು. ಹಾಕಿ ನೋಡುವಾಗ ಕಂಕುಳು, ಸೊಂಟದ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಟೊಳ್ಳಿದ್ದರೆ ಕಾಲು ಆಡಿಸಿದಾಗೆಲ್ಲ ಹೊಸ ತಣ್ಣೀರು ಒಳಗೆ ಬರುತ್ತದೆ, ಎಂಥ ಬಟ್ಟೆಯಾದರೂ ವ್ಯರ್ಥ.

ಇನ್ನೊಂದು: ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಉಪ್ಪು ಹೋಗೋ ಹಾಗೆ ಅದರಲ್ಲೇ ತೊಳೆಯಿರಿ, ಆದರೆ ಜಿಪ್‌ಗೆ ಕೊನೆಯಲ್ಲಿ ಆರ್‌ಒ ಫಿಲ್ಟರ್ ನೀರು ಹಾಕಿ, ಇಲ್ಲದಿದ್ದರೆ ಬಿಳಿ ಪದರ ಕಟ್ಟಿ ಬಿಗಿಯಾಗುತ್ತದೆ. ತಾರಸಿ ಬಿಸಿಲಿಗೆ ಹಾಕಲೇಬೇಡಿ. ನೆರಳಲ್ಲಿ, ಅಗಲ ಹ್ಯಾಂಗರ್‌ಗೆ.