ಫೈರ್‌ಕಿಂತ ಮೊದ್ಲೂ ಇದ್ದುವ್ರಿ
ಅಣ್ಣಾರ, ಸಿನಿಮಾದಾಗ ಗೇ ಪಾತ್ರ ಮೊದ್ಲ ಬಂದಿದ್ದು ದೀಪಾ ಮೆಹ್ತಾರ ಸಿನಿಮಾ ಫೈರ್‌ನ್ಯಾಗ ಏನ್ರಿ ಅಂತ ಕೇಳೀರಿ. ಅಲ್ರಿ, ಭಾಳ ಹಿಂದ ಹೋಗಬೇಕು. 1919ರಾಗ ಜರ್ಮನಿಯೊಳಗ ಡಿಫರೆಂಟ್ ಫ್ರಮ್ ದಿ ಅದರ್ಸ್ ಅಂತ ಒಂದ್ ಮೂಕಿ ಸಿನಿಮಾ ಬಂದಿತ್ತು, ಹೀರೋ ಗೇ, ವಯಲಿನ್ ಬಾರ್ಸಾಂವ, ಅವನ್ನ ಒಬ್ಬಾಂವ ಬ್ಲಾಕ್‌ಮೇಲ್ ಮಾಡ್ತಾನ, ಯಾಕಂದ್ರ ಅಲ್ಲಿ ಕಾನೂನಿನ್ಯಾಗ ಗಂಡಸ್ರ ನಡುವಿನ ಸಂಬಂಧ ಅಪರಾಧ ಇತ್ತು, ಮರುವರ್ಷನ ಮಂದಿಗೆ ತೋರ್ಸಂಗಿಲ್ಲ ಅಂತ ತಡೆ ಹಾಕಿದ್ರು.

ಹಾಲಿವುಡ್‌ನ್ಯಾಗ 1934ರಿಂದ ಹೇಸ್ ಕೋಡ್ ಅಂತ ಸಿನಿಮಾದಾಗ ಏನ್ ತೋರ್ಸಬಾರ್ದು ಅನ್ನೋ ನಿಯಮ ಬಿಗಿ ಆತು ನೋಡ್ರಿ, ಗೇ ಅನ್ನೋ ಹೆಸರೂ ಎತ್ತಂಗಿರ್ಲಿಲ್ಲ, ಅದಕ್ಕ ಡೈರೆಕ್ಟರ್‌ಗೋಳು ನಡಿಗಿ, ಮಾತಿನ ಧಾಟಿ, ಹಾಕ್ಕೊಳ್ಳೋ ಅಂಗಿ ಇವುದ್ರಾಗ ಸುಳಿವು ಕೊಡ್ತಿದ್ರು, ಹಂತಾ ಪಾತ್ರ ಭಾಳಷ್ಟ ಸಲ ವಿಲನ್ ಆಗಿರ್ತಿತ್ತು, ಇಲ್ಲಾಂದ್ರ ಕಡೀಕ ಸಾಯ್ತಿತ್ತು. ಆ ಕೋಡ್ ಹೋಗಿದ್ದು 1968ಕ್ಕ.

ಫೈರ್ ನಮ್ಮಲ್ಲೆ ರಿಲೀಸ್ ಆಗಿದ್ದು 1998ರಾಗ, ಮುಂಬೈ, ದಿಲ್ಲ್ಯಾಗ ಥಿಯೇಟರ್ ಮ್ಯಾಲ ದಾಳಿ ಆತು. ಆದರ ಅದು ಇಬ್ಬರು ಹೆಣ್ಮಕ್ಕಳ ಕತಿ, ಗಂಡಸ್ರದು ಬೇಕಂದ್ರ 2005ರ ಮೈ ಬ್ರದರ್ ನಿಖಿಲ್ ನೋಡ್ರಿ, ನಾ ಹುಬ್ಬಳ್ಳ್ಯಾಗ ಸೀಡಿ ತಂದು ಬಾಗ್ಲಾ ಹಾಕ್ಕೊಂಡ ನೋಡಿದ್ದೆ, ಅವ್ವ ಏನ್ ಪಿಕ್ಚರ್ ಅಂದ್ರ ಸ್ವಿಮ್ಮಿಂಗ್ ಪಿಕ್ಚರ್ ಅಂದಿದ್ದೆ, ಸುಳ್ಳೇನಲ್ಲ ಬಿಡ್ರಿ, ಹೀರೋ ಈಜುಗಾರನ. ಕನ್ನಡದ ನಾನು ಅವನಲ್ಲ ಅವಳು ಸಿನಿಮಾನ್ನೂ ಮಂದಿ ಗೇ ಲಿಸ್ಟಿಗೆ ಹಾಕ್ತಾರ, ಅದು ಟ್ರಾನ್ಸ್ ಹೆಣ್ಮಗಳ ಕತಿ, ಎರಡೂ ಬ್ಯಾರೆ ಬ್ಯಾರೆ.