ಕ್ಯಾನ್ಸರ್ ಇಲ್ಲದ ಮಾವನಿಗೂ ಪ್ಯಾಲಿಯೇಟಿವ್ ಕೇರ್ ಕೇಳಬಹುದಾ?

ಮಾವನಿಗೆ ಹಾರ್ಟ್ ಪಂಪಿಂಗ್ ಕಡಿಮೆ, ಆರು ತಿಂಗಳಲ್ಲಿ ಮೂರನೇ ಸಲ ಪುಣೆಯಲ್ಲಿ ಅಡ್ಮಿಟ್ ಮಾಡಿದ್ದೇವೆ, ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ಯಾರಿಗೆ ಬೇಕು ಅಂತ ಆಸ್ಪತ್ರೆಯವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ನಾನೂ ಪುಣೆಯಲ್ಲೇ ಮೆಡಿಕಲ್ ವಾರ್ಡಿನ ನರ್ಸ್, ಊರು ವಿಜಯಪುರದ ಕಡೆ. ಕೇಳಿ, ಈ ಸಲವೇ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ಆರೈಕೆ ಬೇಕಾದ ದೊಡ್ಡವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯವರು ಶೇ. 38.5, ಕ್ಯಾನ್ಸರ್‌ನವರು ಶೇ. 34. ಆದರೂ ನಮ್ಮ ವಾರ್ಡಿನಲ್ಲಿ ಕ್ಯಾನ್ಸರ್ ಅಂದಾಗಲೇ ಆ ಮಾತು ಬರುವುದು ಜಾಸ್ತಿ. ಹಾರ್ಟ್ ರೋಗಿಗೆ ನೀರಿಳಿಸುವ ಇಂಜೆಕ್ಷನ್ ಕೊಟ್ಟರೆ ನಾಲ್ಕು ದಿನದಲ್ಲಿ ಎದ್ದು ಕೂರುತ್ತಾರೆ, ನಡೆದೇ ಮನೆಗೆ ಹೋಗುತ್ತಾರೆ. ಹೋದ ಸಲ ಮೆಟ್ಟಿಲು ಹತ್ತುತ್ತಿದ್ದವರು ಈ ಸಲ ಬಚ್ಚಲಿಗೆ ಹೋಗಲೂ ಸುಸ್ತಾಗುತ್ತಾರೆ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಇರುವುದಿಲ್ಲ. ಅದು ಗೊತ್ತಿರುವುದು ನಿಮಗೆ.

ಗುರುತಿಸಲು ಡಾಕ್ಟರುಗಳು ತಮ್ಮನ್ನೇ ಕೇಳಿಕೊಳ್ಳುವ ಒಂದು ಪ್ರಶ್ನೆ ಇದೆ: ಈ ರೋಗಿ ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದಾ? ಇಲ್ಲ ಅನಿಸಿದರೆ ಮಾತು ಶುರು ಮಾಡಬೇಕು. ಅದು ಸಾವಿನ ಭವಿಷ್ಯ ಅಲ್ಲ, ಸುಮ್ನೆ ಹೆದರಬೇಡಿ. ಎಡಿನ್‌ಬರೊದಲ್ಲಿ ತಯಾರಾದ ಸ್ಪಿಕ್ಟ್ ಎಂಬ ಪಟ್ಟಿ ಇನ್ನೂ ಸ್ಪಷ್ಟ. ಮತ್ತೆ ಮತ್ತೆ ಎಮರ್ಜೆನ್ಸಿಯಲ್ಲಿ ಸೇರುವುದು, ಹಗಲಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆ ಅಥವಾ ಕುರ್ಚಿಯಲ್ಲೇ ಇರುವುದು, ತೂಕ ಇಳಿಯುತ್ತಾ ಹೋಗುವುದು, ಔಷಧಿ ನಡೆಯುತ್ತಿದ್ದರೂ ಸಂಕಟ ನಿಲ್ಲದಿರುವುದು, ಸ್ನಾನಕ್ಕೆ ಇನ್ನೊಬ್ಬರು ಬೇಕಾಗುವುದು. ನೋಡಿಕೊಳ್ಳುವವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂಬುದೂ ಆ ಪಟ್ಟಿಯಲ್ಲಿದೆ.

ನಮ್ಮಲ್ಲಿ ಇಂಡಿ ಕಡೆಯ ಒಬ್ಬ ಅಜ್ಜ ಇದ್ದರು. ಮರಾಠಿ ಅಷ್ಟಾಗಿ ಬರುತ್ತಿರಲಿಲ್ಲ. ರೌಂಡ್ಸಿನಲ್ಲಿ "ಕಸಂ ಆಹೆ?" (ಹೇಗಿದ್ದೀರಿ?) ಅಂದರೆ "ಬರಂ ಆಹೆ" (ಚೆನ್ನಾಗಿದ್ದೀನಿ) ಅನ್ನುತ್ತಿದ್ದರು, ಡಾಕ್ಟರು ಅಷ್ಟೇ ಬರೆದುಕೊಂಡು ಮುಂದಿನ ಬೆಡ್ಡಿಗೆ ಹೋಗುತ್ತಿದ್ದರು. ಒಂದು ರಾತ್ರಿ ನಾನು ಕನ್ನಡದಲ್ಲಿ ಕೇಳಿದೆ. "ರಾತ್ರಿ ಆತಂದ್ರ ಅಂಜಿಕಿ ಬರ್ತದ ಯವ್ವಾ, ಮಲಗಿದ್ರ ಉಸಿರು ಕಟ್ಟತದ, ಅದಕ್ಕ ಕುಂತೇ ಇರ್ತೀನಿ" ಅಂದರು. ಐದು ರಾತ್ರಿ ಹಾಗೇ ಕುಳಿತಿದ್ದರಂತೆ. ನನಗೆ ಅಳು ಬಂತು. ಬೆಳಿಗ್ಗೆ ಡಾಕ್ಟರಿಗೆ ಹೇಳಿದೆ, ಪ್ಯಾಲಿಯೇಟಿವ್ ತಂಡ ಅವತ್ತೇ ಬಂತು. ಹಾರ್ಟ್ ಔಷಧಿ ಒಂದೂ ನಿಲ್ಲಲಿಲ್ಲ.

ನಿಮ್ಮ ಮನೆಯವರಿಗೆ ಇದನ್ನೇ ಹೇಳಿ: ಇದು ಚಿಕಿತ್ಸೆ ಕೈಬಿಡುವುದಲ್ಲ. ಅಮೆರಿಕದಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ 151 ಜನರ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ಈ ಆರೈಕೆಯೂ ಸಿಕ್ಕವರು ಸುಮಾರು 11.6 ತಿಂಗಳು ಬದುಕಿದರು, ಬರೀ ಚಿಕಿತ್ಸೆ ಪಡೆದವರು 8.9. ಕಾಯಿಲೆ ಬೇರೆ, ನಿಜ. ಆದರೆ ಬೇಗ ಕೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ ಅಲ್ವಾ.

ಪುಣೆಯ ವಾರ್ಜೆಯಲ್ಲಿರುವ ಸಿಪ್ಲಾ ಪ್ಯಾಲಿಯೇಟಿವ್ ಕೇಂದ್ರದ ಹೆಸರು ನಿಮಗೆ ಯಾರಾದರೂ ಹೇಳಬಹುದು. 1997ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದ್ದಾರೆ, ಆದರೆ ಅದು ಶುರುವಾದದ್ದು ಕ್ಯಾನ್ಸರ್ ರೋಗಿಗಳಿಗಾಗಿ. ಹಾಗಾಗಿ ಮೊದಲು ನಿಮ್ಮ ಆಸ್ಪತ್ರೆಯಲ್ಲೇ ಆ ವಿಭಾಗ ಇದೆಯಾ ಕೇಳಿ.

ಎರಡು ಮೂರು ರಾತ್ರಿ ಮಾವ ಎಷ್ಟು ಹೊತ್ತು ಮಲಗಿದರು, ಎಷ್ಟು ತುತ್ತು ಉಂಡರು ಬರೆದಿಡಿ. ರೌಂಡ್ಸಿನಲ್ಲಿ ಆ ಚೀಟಿ ಕೊಡಿ. ಮಾವನಿಗೆ ಕನ್ನಡವೇ ಸಲೀಸಾದರೆ ಸಿಸ್ಟರ್ ಇನ್‌ಚಾರ್ಜ್ ಹತ್ತಿರ ಕನ್ನಡ ಬರುವವರು ಯಾರಿದ್ದಾರೆ ಕೇಳಿ. ಪುಣೆಯ ವಾರ್ಡುಗಳಲ್ಲಿ ನಮ್ಮ ಕಡೆಯವರು ಬಹಳ ಜನ ಇದ್ದೇವೆ.