ಅಜ್ಜನ ಫಿಯೆಟ್‌ಗೆ ಸದ್ಯಕ್ಕೆ ಬಣ್ಣ ಹೊಡೆಸಬೇಡಿ

ನಮಸ್ಕಾರ ಸರ್. ತಿಪಟೂರಿನಿಂದ ನೀವು ಹಾಕಿದ ಫೋಟೊಗಳನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿಕೊಂಡು ಒಂದೊಂದಾಗಿ ನೋಡಿದೆ. ಕೊಬ್ಬರಿ ಕೊಟ್ಟಿಗೆಯಲ್ಲಿ 1998ರಿಂದ ನಿಂತ ಹಾಗೇ ಇರುವ 1968ರ ಫಿಯೆಟ್ 1100 ಡಿಲೈಟ್, ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ, ಗ್ಯಾರೇಜಿನವರು ಆರು ಲಕ್ಷ ಕೊಟ್ಟರೆ ಪೂರ್ತಿ ಬಿಚ್ಚಿ, ಬೇರೆ ಎಂಜಿನ್ ಕೂರಿಸಿ, ಕೆಂಪು-ಬಿಳಿ ಬಣ್ಣ ಹೊಡೆದು ಕೊಡ್ತೀನಿ ಅಂತಿದ್ದಾರೆ, ಮುಂದಿನ ವರ್ಷ ಹಳೇ ಕಾರುಗಳ ಪ್ರದರ್ಶನಕ್ಕೆ ತರಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಗುಜರಿ ರೇಟಿಗೆ ಕೊಟ್ಟು ಕೈ ತೊಳೆದುಕೊಳ್ಳಿ ಅಂದಿದ್ದಾರೆ. ದಯವಿಟ್ಟು ಕೊಡಬೇಡಿ. ಗ್ಯಾರೇಜಿನವರಿಗೂ ಈಗಲೇ ಹೂಂ ಅನ್ನಬೇಡಿ.

ನನ್ನ ಹತ್ತಿರ ಎರಡು ಗಾಡಿ ಇವೆ, 1966ರ ಡಿಲೈಟ್ ಮತ್ತು 1982ರ ಪದ್ಮಿನಿ. ಡಿಲೈಟ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ನೀವು ಮಾಡಲು ಹೊರಟಿದ್ದೀರಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಒಂದು ಗ್ಯಾರೇಜಿಗೆ ಒಪ್ಪಿಸಿದೆ. ನಾಲ್ಕು ತಿಂಗಳು ಅಂದವರು ಹದಿನಾಲ್ಕು ತಿಂಗಳು ಇಟ್ಟುಕೊಂಡರು. ಗಾಡಿ ಕನ್ನಡಿ ಹಾಗೆ ಹೊಳೀತಾ ಮನೆಗೆ ಬಂತು. ಬಿಚ್ಚಿದ ಸಾಮಾನಿನ ಪೆಟ್ಟಿಗೆ ಮಾತ್ರ ಬರಲಿಲ್ಲ. ಗಾಜು ಇಳಿಸುವ ಹಿಡಿಗಳು, ಮುಂದಿನ ಗ್ರಿಲ್, ಪಕ್ಕದ ಕ್ರೋಮ್ ಪಟ್ಟಿ, ಮೀಟರಿನ ಸುತ್ತಲ ರಿಂಗ್ ಎಲ್ಲಾ ಹೋದವು, ಅವುಗಳ ಜಾಗದಲ್ಲಿ ಏನೇನೋ ಕೂತಿತ್ತು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲ ಕೆಳಗೆ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಬೆರಳಿಂದ ಒತ್ತಿದೆ, ತೂತು ಮುಚ್ಚಲು ಮೆತ್ತಿದ್ದ ಒಂದಂಗುಲ ದಪ್ಪದ ಪುಟ್ಟಿ ಬಿಲ್ಲೆಯಾಗಿ ಕೈಗೆ ಬಂತು. ಒಳಗೆ ತಗಡೇ ಇರಲಿಲ್ಲ. ಮೊದಲಿನ ಬಣ್ಣ ಹೇಗಿತ್ತು ಅಂತ ತೋರಿಸಲು ಇವತ್ತು ನನ್ನ ಬಳಿ ಮದುವೆಯ ಒಂದು ಕಪ್ಪು-ಬಿಳುಪು ಫೋಟೊ ಬಿಟ್ಟರೆ ಏನೂ ಇಲ್ಲ.

ನಿಮ್ಮ ಗಾಡಿಯಲ್ಲಿ ಅದೆಲ್ಲ ಇನ್ನೂ ಇದೆ. ಮೂರನೇ ಫೋಟೊದಲ್ಲಿ ಹಿಂದಿನ ದೀಪಗಳು, ನಂಬರ್ ಪ್ಲೇಟಿನ ಮೇಲೆ MY ಅಕ್ಷರಗಳು ಸ್ಪಷ್ಟವಾಗಿ ಕಾಣ್ತಿವೆ. ಮೈಸೂರು ರಾಜ್ಯ ಅಂತ ಹೆಸರಿದ್ದ ಕಾಲದ ನಂಬರ್ ಅದು. ಹಾಗಾಗಿ ಬೀಗದ ಕೈ ಮುಟ್ಟುವ ಮೊದಲು ಫೋನ್ ತಗೊಂಡು ಒಂದಿನ ಪೂರ್ತಿ ಫೋಟೊ ತೆಗೀರಿ. ಬಾನೆಟ್ ಒಳಗೆ ಯಾವ ವೈರ್ ಎಲ್ಲಿಗೆ ಹೋಗುತ್ತೆ, ಡ್ಯಾಶ್‌ಬೋರ್ಡಿನ ಕೆಳಗೆ ಏನಿದೆ, ಸೀಟಿನ ಹೊಲಿಗೆ ಹೇಗಿದೆ, ಯಾವುದನ್ನೂ ಬಿಡಬೇಡಿ. ಆಮೇಲೆ ಬಿಚ್ಚುವ ಪ್ರತಿ ಸಾಮಾನಿಗೂ ಒಂದು ಕವರ್, ಒಂದು ಚೀಟಿ. ಮುರಿದ ಕ್ಲಿಪ್ ಇದ್ದರೂ ಕವರಿಗೆ ಹಾಕಿ, ಅದನ್ನು ನೋಡಿಕೊಂಡೇ ಹೊಸದು ಮಾಡಿಸಬೇಕಾಗುತ್ತೆ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, ಈ ಗಾಡಿಯ ಯಂತ್ರದ ಭಾಗ ಸಿಗೋದು ಸುಲಭ, ಒಡವೆ ಭಾಗ ಕಷ್ಟ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1964ರಿಂದ ಡಿಲೈಟ್ ಮಾಡಿದರು. ಅದೇ ಗಾಡಿ ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಅಂತ ಹೆಸರು ಪಡೆಯಿತು. ಒಳಗಿನ 1089 ಸಿಸಿ ಎಂಜಿನ್ ವಂಶ ಒಂದೇ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಯವರೆಗೂ ಓಡಿದ್ದರಿಂದ ಗ್ಯಾಸ್ಕೆಟ್, ಬೇರಿಂಗ್, ಬ್ರೇಕಿನ ರಬ್ಬರ್ ಇವೆಲ್ಲ ಬೆಂಗಳೂರಿನ ಜೆಸಿ ರಸ್ತೆಯಲ್ಲಿ, ಚೆನ್ನೈನ ಪುದುಪೇಟೆಯಲ್ಲಿ, ಕುರ್ಲಾದಲ್ಲಿ ಹುಡುಕಿದರೆ ಇನ್ನೂ ಸಿಗುತ್ತವೆ. ಆ ಟ್ಯಾಕ್ಸಿಗಳು ನಿಂತ ಮೇಲೆ ಅಂಗಡಿಗಳಲ್ಲಿ ಹಳೇ ಸ್ಟಾಕ್ ಕರಗ್ತಾ ಇರೋದು ನನ್ನ ಅನುಭವ, ಆದ್ದರಿಂದ ಬ್ರೇಕಿನ ಸಾಮಾನು ಕಂಡರೆ ಎರಡು ಸೆಟ್ ತೆಗೆದಿಡಿ. ಡಿಲೈಟ್‌ಗೆ ಮಾತ್ರ ಬರುವ ಗ್ರಿಲ್, ದೀಪ, ಕ್ರೋಮ್ ಪಟ್ಟಿಗೆ ಇನ್ನೊಂದು ಡಿಲೈಟೇ ಸಾಯಬೇಕು.

ಈಗ ಕಾಗದಪತ್ರ. ಇದನ್ನು ಎಂಜಿನ್‌ಗಿಂತ ಮೊದಲು ಹಿಡೀರಿ, ಯಾಕೆಂದರೆ ಲಕ್ಷ ಸುರಿದ ಮೇಲೆ ಚಾಸಿ ನಂಬರ್ ಹೊಂದಲಿಲ್ಲ ಅಂದರೆ ಗಾಡಿ ಕೊಟ್ಟಿಗೆಯಲ್ಲೇ ಉಳಿಯುತ್ತೆ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೀರಿ, ಎಂಜಿನ್ ನಂಬರಿಗೂ ಹಾಗೇ ಮಾಡಿ, ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿ. ಆರ್‌ಟಿಓದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ನೋಂದಣಿ ದಾಖಲೆಯ ಪ್ರತಿ, ಕೇಳಿ ಪಡೆಯಿರಿ. ಮಾಲೀಕರು ತೀರಿಹೋಗಿರುವುದರಿಂದ ವರ್ಗಾವಣೆಗೆ ಫಾರಂ 31, ಜೊತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ. ದೊಡ್ಡಪ್ಪ, ಅತ್ತೆಯರು ಇದ್ದರೆ ಅವರ ಒಪ್ಪಿಗೆ ಪತ್ರವನ್ನು ಈಗಲೇ ಬರೆಸಿಕೊಳ್ಳಿ. ತುಕ್ಕು ಹಿಡಿದ ಗಾಡಿ ಯಾರಿಗೂ ಬೇಡ, ಹೊಳೆಯುವ ಗಾಡಿಗೆ ಪಾಲು ಕೇಳುವವರು ಬರ್ತಾರೆ. ಎರಡು ಮನೆಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೀನಿ.

ನಿಮ್ಮ ಗಾಡಿಗೆ 50 ವರ್ಷ ದಾಟಿದೆ, ಅಂದರೆ 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಫಾರಂ 20, ವಿಮೆ, ಹಳೇ ಆರ್‌ಸಿ ಬೇಕು. ನಿಯಮದಲ್ಲಿರುವ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ, ನವೀಕರಣಕ್ಕೆ 5,000. ಹೊಸದಾಗಿ ನಂಬರ್ ಪಡೆಯುವ ಗಾಡಿಗೆ VA ಅಕ್ಷರ ಇರುವ ನಂಬರ್ ಬರುತ್ತೆ, ಮೊದಲೇ ನೋಂದಣಿ ಆಗಿರುವ ಗಾಡಿ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ನಿಮ್ಮ MY ನಂಬರ್ ಉಳಿಯುತ್ತೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕಾರಣಕ್ಕೆ ಬಿಟ್ಟು ದಿನನಿತ್ಯ ಓಡಿಸುವ ಹಾಗಿಲ್ಲ. ಅಮ್ಮನನ್ನು ಕೂರಿಸಿಕೊಂಡು ಮದುವೆ ಮನೆಗೆ, ತೋಟಕ್ಕೆ ಹೋಗಬೇಕು ಅನ್ನುವ ಆಸೆ ಇದ್ದರೆ ಫಾರಂ 25 ಹಾಕಿ ಎಫ್‌ಸಿ (ಗಾಡಿ ಓಡಲು ಯೋಗ್ಯವೇ ಅನ್ನುವ ತಪಾಸಣೆ) ಮಾಡಿಸಿ ಮಾಮೂಲಿ ನವೀಕರಣವೇ ಸರಿ. ನಾನು ಎರಡಕ್ಕೂ ಮಾಮೂಲಿ ನವೀಕರಣವನ್ನೇ ಮಾಡಿಸಿದ್ದೀನಿ. ಓಡದ ಗಾಡಿ ಬೇಗ ಕೆಡುತ್ತೆ. ಇನ್ನೊಂದು ಮಾತು, ವಿಂಟೇಜ್ ನಿಯಮ ಗಾಡಿ ಮೂಲರೂಪದಲ್ಲಿ ಇರಬೇಕು ಅನ್ನುತ್ತೆ. ಗ್ಯಾರೇಜಿನವರು ಹೇಳಿದ ಬೇರೆ ಎಂಜಿನ್ ಹಾಕಿಸಿದ ದಿನ ಆ ದಾರಿ ಮುಚ್ಚಿಕೊಳ್ಳುತ್ತೆ.

ಎಂಜಿನ್ ಎಬ್ಬಿಸೋದು ನನಗೆ ಈ ಹವ್ಯಾಸದಲ್ಲೇ ಅತಿ ಇಷ್ಟದ ಕೆಲಸ. ಇಷ್ಟು ವರ್ಷ ಮಲಗಿದ್ದಕ್ಕೆ ಹೊಸ ಬ್ಯಾಟರಿ ಕೊಟ್ಟು ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ರಿಂಗ್ ಮುರಿಯಬಹುದು. ಮೊದಲು ಹಳೇ ಆಯಿಲ್ ಇಳಿಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ. ಈ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣ, ಅದರ ಮೇಲೆ ಮುಚ್ಚುವ ಹೆಡ್ ಅಲ್ಯೂಮಿನಿಯಂ, ಹಾಗಾಗಿ ನೀರು ಓಡುವ ಜಾಗದಲ್ಲಿ ಹೆಡ್ ಸವೆದು ಗ್ಯಾಸ್ಕೆಟ್ ಬಿಟ್ಟಿರುವುದು ಸಾಮಾನ್ಯ. ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದನ್ನು ರೇಡಿಯೇಟರಿಗೆ ಹಾಕಲೇಬೇಡಿ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಮಾತ್ರ ಹಾಕಿ.

ಆಮೇಲೆ ಪ್ಲಗ್ ವೈರುಗಳಿಗೆ ನಂಬರ್ ಬರೆದು, ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡೆರಡು ಚಮಚ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಬಿಟ್ಟು ಒಂದು ವಾರ ಮರೆತುಬಿಡಿ. ಎಂಟನೇ ದಿನ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಇಬ್ಬರು ಸೇರಿ ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲುಗಿಸಿ. ಬಲ ಬೇಡ. ನನ್ನ ಪದ್ಮಿನಿಗೆ ಹನ್ನೊಂದು ದಿನ ಬೇಕಾಯಿತು. ದಿನಾ ಸಂಜೆ ಕೆಲಸ ಬಿಟ್ಟು ಬಂದು ತಳ್ಳೋದು, ಆಯಿಲ್ ಬಿಡೋದು. ಹನ್ನೊಂದನೇ ಸಂಜೆ ಒಳಗಿಂದ ಒದ್ದೆ ಬಟ್ಟೆ ಹರಿದ ಹಾಗೆ ಒಂದು ಸದ್ದು ಬಂತು, ಫ್ಯಾನ್ ಅರ್ಧ ಅಂಗುಲ ತಿರುಗಿತು. ನನ್ನ ಮಗಳು ಟಾರ್ಚ್ ಹಿಡಿದು ನಿಂತಿದ್ದವಳು "ಅಪ್ಪಾ ತಿರುಗ್ತು" ಅಂತ ಕಿರುಚಿದ್ದು ಈಗಲೂ ಕಿವಿಯಲ್ಲಿದೆ.

ತಿರುಗಿದ ಮೇಲೂ ಹಳೇ ಟ್ಯಾಂಕಿನ ಪೆಟ್ರೋಲ್ ಬಳಸಬೇಡಿ. ಅದು ವಾರ್ನಿಷ್ ಆಗಿರುತ್ತೆ. ಒಂದು ಬಾಟಲಿಯಲ್ಲಿ ಹೊಸ ಪೆಟ್ರೋಲ್ ತುಂಬಿ, ಪೈಪಿನಿಂದ ಕಾರ್ಬೊರೇಟರಿಗೆ ಕೊಟ್ಟು ನೋಡಿ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿ ಗ್ಯಾಪ್ ಹೊಂದಿಸಿ, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಹೋಗುವ ಕ್ರಮ) 1-3-4-2. ಬ್ಯಾಟರಿ ಕೊಡುವ ಮುಂಚೆ ವೈರಿಂಗ್ ಪೂರ್ತಿ ಕೈಯಲ್ಲಿ ಸವರಿ ನೋಡಿ, ಕೊಬ್ಬರಿ ಕೊಟ್ಟಿಗೆ ಅಂದಮೇಲೆ ಇಲಿ ಕಡಿಯದೆ ಬಿಟ್ಟಿರಲ್ಲ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ. ಟ್ಯಾಂಕ್ ತೂತಾಗಿದ್ದರೆ ಯಾರಾದರೂ ಹಾಗೇ ವೆಲ್ಡಿಂಗ್ ಮಾಡ್ತೀನಿ ಅಂದರೆ ಒಪ್ಪಬೇಡಿ, ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ. ಇವತ್ತಿನ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್, ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ಮನ್ನು ಮೆತ್ತಗೆ ಮಾಡಿಬಿಡುತ್ತೆ, ನೀರನ್ನೂ ಹೀರುತ್ತೆ. ಎಥನಾಲ್ ತಡೆಯುವ ಪೈಪ್ ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ.

ಎಂಜಿನ್ ಶುರುವಾದ ಖುಷಿಯಲ್ಲಿ ರಸ್ತೆಗೆ ಇಳಿಯಬೇಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ಲೈನು. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಹೋದವು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್ ಎಲ್ಲಾ ಹೊಸದಾಗಲಿ, ಇಲ್ಲಿ ಮೂಲ ಸಾಮಾನಿನ ಆಸೆ ಬೇಡ. ಹಳೇ ಬ್ರೇಕ್ ಲೈನರಿನ ಧೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ, ಕಂಪ್ರೆಸರ್‌ನಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಲು ಹೇಳಿ. ಟೈರ್ ನೋಡಲು ಚೆನ್ನಾಗಿದ್ದರೂ ಬದಲಿಸಿ.

ತುಕ್ಕಿನ ವಿಷಯಕ್ಕೆ ಬರ್ತೀನಿ. ಅಂಬಾಸಿಡರ್‌ಗೆ ಇಲ್ಲದ ಹಾಗೇ ಈ ಗಾಡಿಗೂ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನುಮೂಳೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಮ್ಯಾಟಿನ ಕೆಳಗಿನ ನೆಲ, ಹಿಂದಿನ ಪಟ್ಟಿ ಸ್ಪ್ರಿಂಗ್ ಕಚ್ಚುವ ಜಾಗ ಇವು ಗಟ್ಟಿ ಇದ್ದರೆ ಗಾಡಿ ಗಟ್ಟಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಸವರಿ, ಎಲ್ಲಿ ಹಿಡಿಯಲ್ವೋ ಅಲ್ಲಿ ಪುಟ್ಟಿ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ನಡುವೆ ಜಾಕ್ ಕೊಟ್ಟು ಎತ್ತಿದಾಗ ಬಾಗಿಲು ತೆಗೆಯಲು ಹಾಕಲು ಬಿಗಿಯಾದರೆ ಬಾಡಿ ಜಗ್ಗಿದೆ. ರನ್ನಿಂಗ್ ಬೋರ್ಡ್ ಕತ್ತರಿಸಿ ಹೊಸ ತಗಡು ಹಾಕುವಾಗ ಬಾಗಿಲುಗಳನ್ನು ಕೂರಿಸಿ ಮುಚ್ಚಿಯೇ ವೆಲ್ಡಿಂಗ್ ಮಾಡಬೇಕು, ಇಲ್ಲದಿದ್ದರೆ ಆಮೇಲೆ ಬಾಗಿಲು ಜನ್ಮದಲ್ಲಿ ಹೊಂದಲ್ಲ. ತಗಡಿನ ಕೆಲಸ ಮಾಡುವ ಟಿಂಕರಿಂಗ್‌ನವರನ್ನು ಆರಿಸುವಾಗ ಹೊಳೆಯುವ ಗಾಡಿ ತೋರಿಸಿ ಅನ್ನಬೇಡಿ, ಬಣ್ಣ ಹೊಡೆಯುವ ಮುಂಚಿನ ಗಾಡಿ ತೋರಿಸಿ ಅನ್ನಿ.

ಬಣ್ಣ ಕೊನೆಗೆ. ಬಹುಶಃ ನಿಮ್ಮ ಗಾಡಿಗೆ ಬೇಡವೇ ಬೇಡ. ಬಾನೆಟ್ ಮೂಲೆಯಲ್ಲಿ ಅಂಗೈ ಅಗಲ ಜಾಗ ಸೋಪಿನ ನೀರಲ್ಲಿ ತೊಳೆದು, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಕೈಯಲ್ಲೇ ಉಜ್ಜಿ ನೋಡಿ. ಫೋಟೊದಲ್ಲಿ ಬೂದಿ ಬಣ್ಣ ಕಾಣ್ತಿದೆ, ಅದರ ಅಡಿಯಲ್ಲಿ ತಿಳಿ ಹಸಿರು ಇರಬೇಕು ಅಂತ ನನ್ನ ಅಂದಾಜು. ನಂಬರ್ ಪ್ಲೇಟಿನ ಹಿಂದೆ, ಡ್ಯಾಶ್‌ಬೋರ್ಡಿನ ಕೆಳಗೆ ನೋಡಿದರೆ ಖಾತ್ರಿಯಾಗುತ್ತೆ.

ಪ್ರದರ್ಶನದಲ್ಲಿ ಹೊಳಪಿಗೇ ಬಹುಮಾನ ಅಂತ ನಾನೂ ಅಂದುಕೊಂಡಿದ್ದೆ. ನಾನು ಡಿಲೈಟ್ ತಂದಿದ್ದ ವರ್ಷ ತೀರ್ಪುಗಾರರು ಮಂಡಿಯೂರಿ ಕೂತು ಟಾರ್ಚ್ ಬಿಟ್ಟು ಕೆಳಗೆ ನೋಡಿದರು. ಹಾರ್ನ್, ವೈಪರ್, ದೀಪ ಹಾಕಿಸಿದರು. ಹೆಡ್‌ಲೈಟಿನ ಎಲ್‌ಇಡಿ ಬಲ್ಬು, ವೈರಿಗೆ ಕಟ್ಟಿದ ಪ್ಲಾಸ್ಟಿಕ್ ಟೈ, ಬೇರೆ ಮಾದರಿಯ ಹಿಡಿಗಳು, ಒಂದೊಂದನ್ನೂ ಬರೆದುಕೊಂಡರು. ಪಕ್ಕದಲ್ಲಿ ಬಣ್ಣ ಮಾಸಿದ, ಸೀಟಿಗೆ ಕೈಹೊಲಿಗೆ ಹಾಕಿದ ಮಾರಿಸ್ ಮೈನರ್ ಒಂದು ನಿಂತಿತ್ತು, ಬಹುಮಾನ ಅದಕ್ಕೆ ಹೋಯಿತು. ಆ ಮನೆಯವರು ಅಪ್ಪ ಕೊಂಡ ದಿನದ ರಸೀದಿಯನ್ನೂ ಫ್ರೇಮ್ ಹಾಕಿಸಿ ತಂದಿದ್ದರು. ನೀವೂ ಅಜ್ಜನ ಹಳೇ ಟ್ಯಾಕ್ಸ್ ಚೀಟಿ, ಪೆಟ್ರೋಲ್ ಬಿಲ್ಲು, ಗಾಡಿ ಮುಂದೆ ನಿಂತ ಫೋಟೊ ಹುಡುಕಿಡಿ. ಧರ್ಮಸ್ಥಳಕ್ಕೆ ಹೋದಾಗ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೇ ಕಾರುಗಳನ್ನು ಬಿಡುವು ಮಾಡಿಕೊಂಡು ನೋಡಿ, ಪಟ್ಟಿ, ದೀಪ, ಮೀಟರ್ ಹೇಗೆ ಕೂತಿವೆ ಅನ್ನೋದಕ್ಕೆ ಕಣ್ಣು ಪಳಗುತ್ತೆ.

ಖರ್ಚು ಕೇಳಿದ್ದಿರಿ. ಪದ್ಮಿನಿಗೆ ನನಗೆ ಎರಡೂವರೆ ವರ್ಷದಲ್ಲಿ ಸುಮಾರು 2 ಲಕ್ಷ 80 ಸಾವಿರ ಆಯಿತು, ಅದರಲ್ಲಿ ಹೆಚ್ಚು ನುಂಗಿದ್ದು ತಗಡಿನ ಕೆಲಸ. ಒಟ್ಟಿಗೆ ದುಡ್ಡು ಕೊಡದೆ ಒಂದು ಕೆಲಸ ಮುಗಿದ ಮೇಲೆ ಇನ್ನೊಂದಕ್ಕೆ ಕೊಟ್ಟೆ. ಮುಂದಿನ ವರ್ಷದ ಪ್ರದರ್ಶನಕ್ಕೇ ಆಗಬೇಕು ಅಂತ ಗಡುವು ಹಾಕಿಕೊಳ್ಳಬೇಡಿ, ಅವಸರದಲ್ಲೇ ಪುಟ್ಟಿ ಒಳಗೆ ಬರೋದು.

ಸದ್ಯಕ್ಕೆ ಚಾಸಿ ನಂಬರ್ ಪ್ಲೇಟು, ಎರಡೂ ಕಡೆಯ ಬಾಗಿಲುಗಳ ಕೆಳಗಿನ ಭಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ ಇಷ್ಟರ ಫೋಟೊ ಹಗಲು ಬೆಳಕಲ್ಲಿ ತೆಗೆದು ಇಲ್ಲೇ ಹಾಕಿ. ನನಗೆ ಬರುವ ತಿಂಗಳು ಅರಸೀಕೆರೆಯಲ್ಲಿ ಒಂದು ಗೃಹಪ್ರವೇಶ ಇದೆ, ಹಾಗೇ ತಿಪಟೂರಿಗೆ ಬಂದು ಅರ್ಧ ದಿನ ಇರ್ತೀನಿ. ಅಯಸ್ಕಾಂತ, ಟಾರ್ಚು ನಾನೇ ತರ್ತೀನಿ. ಅಲ್ಲಿಯವರೆಗೆ ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟಿರಿ, ಕೀ ಮಾತ್ರ ತಿರುಗಿಸಬೇಡಿ.